ಬೆಲ್ಲ ಉಂಡ ಗೋಡೆ

ನಾನು ಚಿಕ್ಕವಳಿದ್ದಾಗ ಒಂದು ಗೋಡೆಯ ಮೇಲೆ ಹೊಟ್ಟೆಕಿಚ್ಚು ಪಟ್ಟಿದ್ದೆ. ನಗಬೇಡಿ ಮಕ್ಕಳೇ, ಪೂರ್ತಿ ಕೇಳಿ. ಗೆಳತಿಯ ಹೊಸ ಲಂಗದ ಮೇಲೆ, ತಮ್ಮನ ತೊಟ್ಟಿಲಿನ ಮೇಲೆ ಕಣ್ಣು ಹಾಕುವವರನ್ನು ನೀವು ನೋಡಿರುತ್ತೀರಿ. ನನ್ನ ಕಣ್ಣು ಬಿದ್ದದ್ದು ಬೀದರಿನ ಒಂದು ಹಳೆಯ ಹೋಟೆಲಿನ ಗೋಡೆಯ ಮೇಲೆ. ಅದಕ್ಕೂ ಮೊದಲು, ಆ ಹೋಟೆಲಿನಲ್ಲಿ ಇರಲು ಸಿಕ್ಕಿದ್ದ ನನ್ನ ಅಕ್ಕನ ಮೇಲೆ.

ನಮ್ಮದು ಔರಾದ ತಾಲೂಕಿನ ಚಿಂತಾಕಿ. ಮಳೆ ಬರಬೇಕಾದಾಗ ಬರದೆ, ಮರುವರ್ಷವೂ ಮುಖ ತೋರಿಸದೆ ಹೋಗಿದ್ದ ಕಾಲ ಅದು. ನಮ್ಮ ಓಣಿಯಲ್ಲಿ ಎಷ್ಟೋ ಮನೆಗಳ ಬಾಗಿಲಿಗೆ ಜಾಲಿಮುಳ್ಳು ಅಡ್ಡ ಹಚ್ಚಿದ್ದರು. ಮುಳ್ಳು ಹಚ್ಚಿದ್ದರೆ ಆ ಮನೆಯವರು ಹೈದರಾಬಾದಿಗೋ ಮುಂಬೈಗೋ ದುಡಿಯಲು ಹೋಗಿದ್ದಾರೆ ಅಂತ ಅರ್ಥ. ನಮ್ಮ ಬಾಗಿಲಿಗೆ ಮುಳ್ಳು ಬಿದ್ದಿರಲಿಲ್ಲ. ಅವ್ವ ತಮ್ಮನನ್ನು ಸೊಂಟಕ್ಕೆ ಕಟ್ಟಿಕೊಂಡು ಕೆರೆಯ ಹೂಳು ಹೊರುವ ಕಾಮಗಾರಿಗೆ ಹೋಗುತ್ತಿದ್ದಳು. ಅಪ್ಪ ಗಚ್ಚಿನ ಗೌಂಡಿ. ಗಚ್ಚು ಅಂದರೆ ಅರೆದ ಸುಣ್ಣ. ಈಗ ನೀವು ಗೋಡೆಗೆ ಸಿಮೆಂಟು ಬಳಿಯುವುದನ್ನು ನೋಡುತ್ತೀರಲ್ಲ, ಆಗ ದೊಡ್ಡ ಕಟ್ಟಡಗಳಿಗೆ ಗಚ್ಚು ಮೆತ್ತಿ, ಕನ್ನಡಿಯ ಹಾಗೆ ಹೊಳಪು ಬರಿಸುತ್ತಿದ್ದರು. ಆ ವರ್ಷ ಅಪ್ಪನಿಗೆ ಬೀದರಿನ ಕೆಂಪು ಹೋಟೆಲಿನ ಕೆಲಸ ಸಿಕ್ಕಿತು. ಅವನಿಗೂ ಅವನ ಜೊತೆಗಿರುವ ಇನ್ನೊಬ್ಬರಿಗೂ ಊಟ, ಮಲಗಲು ಜಾಗ ಅಂತ ಮಾತಾಯಿತು. ಇನ್ನೊಬ್ಬರು ಅಂದರೆ ಒಬ್ಬರೇ. ಅಪ್ಪ ಅಕ್ಕನನ್ನು ಕರೆದುಕೊಂಡು ಹೋದ.

ನನಗಿಂತ ಸ್ವಲ್ಪವೇ ದೊಡ್ಡವಳು ಅವಳು. ಆದರೆ ಗಚ್ಚಿನ ಕೆಲಸದಲ್ಲಿ ಒಂದು ಪದ್ಧತಿ ಇತ್ತು. ಕೊನೆಯ ಮೆತ್ತುವಿಕೆ ಆದ ಮೇಲೆ ಗಚ್ಚು ಬಳಿಯುವ ಕರಣಿ ಕೆಳಗಿಟ್ಟು ಬರಿಗೈಯಿಂದ ಗೋಡೆಯನ್ನು ಸವರಬೇಕು, ಅದು ಬೆಚ್ಚಗಾಗಿ ಮಿಂಚುವ ತನಕ. ಗೌಂಡಿಯ ಕೈ ಒರಟು, ಗೀರು ಬೀಳುತ್ತದೆ. ಅದಕ್ಕೆ ಗೌಂಡಿಗಳು ಮನೆಯ ಹೆಣ್ಣುಮಕ್ಕಳ ಮೆತ್ತನೆಯ ಅಂಗೈ ಹುಡುಕುತ್ತಿದ್ದರು. ಅಪ್ಪ ನಮ್ಮಿಬ್ಬರ ಕೈಗಳನ್ನೂ ಮುಟ್ಟಿ ನೋಡಿ, ನಿನಗೆ ಇನ್ನೂ ತಾಳ್ಮೆ ಇಲ್ಲ ಅಂತ ನನ್ನನ್ನು ಬಿಟ್ಟ. ಅಂದು ಹತ್ತಿದ ಕಿಚ್ಚು ನನ್ನ ಹೊಟ್ಟೆಯಲ್ಲಿ ಆರಲೇ ಇಲ್ಲ.

ಅಮಾವಾಸ್ಯೆಯ ದಿನ ಗೌಂಡಿಗಳು ಕರಣಿ ಮುಟ್ಟುವುದಿಲ್ಲ. ಅಂದು ಅಪ್ಪನೂ ಅಕ್ಕನೂ ಊರಿಗೆ ಬರುತ್ತಿದ್ದರು. ಅಕ್ಕ ಕಟ್ಟೆಯ ಮೇಲೆ ಕೂತು ಹೋಟೆಲಿನ ಸುದ್ದಿ ಹೇಳುತ್ತಿದ್ದಳು. ಗುಂಡಿ ಒತ್ತಿದರೆ ದೀಪ ಹತ್ತುತ್ತದಂತೆ. ರಾತ್ರಿಗೆ ಗೋಧಿ ಚಪಾತಿಯಂತೆ. ಮೇಲಿನ ಕಿಟಕಿಗೆ ಕೆಂಪು, ಹಸಿರು, ನೀಲಿ ಗಾಜಂತೆ, ಮುಂಜಾನೆ ಆ ಬಣ್ಣಗಳು ಅವಳ ಹಾಸಿಗೆಯ ಮೇಲೆ ಬಂದು ಬೀಳುತ್ತವಂತೆ. ನಾನು ರೇಶನ್ನಿನ ಕೆಂಪು ಜೋಳದ ರೊಟ್ಟಿ ಜಗಿಯುತ್ತ ಕೇಳುತ್ತಿದ್ದೆ. ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ರೊಟ್ಟಿ ಗಟ್ಟಿಯಾಗಿತ್ತು ನಿಜ, ಆದರೆ ಅಕ್ಕನ ಮಾತು ಅದಕ್ಕಿಂತ ಗಟ್ಟಿ. ಮೊದಲು ನನ್ನ ಜಡೆ ಹಾಕುತ್ತಿದ್ದವಳು ಅವಳೇ. ಈಗ ಬಾಚಣಿಗೆ ಒಯ್ದು ಮುಂದೆ ಕೂತರೆ, ಅವ್ವನ ಹತ್ತಿರ ಹೋಗು ಅನ್ನುತ್ತಿದ್ದಳು. ಹೋಟೆಲಿನ ನೀರು ಕುಡಿದು ಇವಳಿಗೆ ಸೊಕ್ಕು ಬಂದಿದೆ ಅಂತ ನಾನು ಅವ್ವನಿಗೆ ಚಾಡಿ ಹೇಳಿದೆ. ಅವ್ವ ತಮ್ಮನ ಕಡೆ ನೋಡುತ್ತ ಹ್ಞೂಂ ಅಂದಳು, ಅಷ್ಟೇ.

ಒಂದು ದಿನ ಹೋಟೆಲಿನ ಮಾಳಿಗೆಗೆ, ಅಂದರೆ ಮೇಲಿನ ಛಾವಣಿಗೆ, ಗಚ್ಚು ಹಾಕುವವರಿದ್ದರು. ಅದಕ್ಕೆ ತುಂಬ ಹೆಂಗಸರು ಬೇಕು. ಅವ್ವನ ತಂಗಿ, ನಮ್ಮ ಚಿಗವ್ವ, ಮುಂಜಾನೆಯ ಬಸ್ಸಿಗೆ ಹೊರಟಳು. ನಾನು ಅವಳ ಸೆರಗು ಹಿಡಿದು ಕೂತುಬಿಟ್ಟೆ. ಕಡೆಗೆ ಅವ್ವ ಒಪ್ಪಿದಳು. ಸಂಜೆಯ ಬಸ್ಸಿಗೆ ಚಿಗವ್ವನ ಜೊತೆ ಮರಳಿ ಬಂದುಬಿಡಬೇಕು ಅಂದಳು. ನಾನು ಆಗಲಿ ಅಂದೆ. ಮನಸ್ಸಿನಲ್ಲಿ ಮಾತ್ರ, ಒಮ್ಮೆ ಒಳಗೆ ಕಾಲಿಟ್ಟರೆ ಅಪ್ಪ ನನ್ನನ್ನು ಕಳಿಸಲಿಕ್ಕಿಲ್ಲ, ಅಕ್ಕನ ಜಾಗ ನನಗೇ ಆದೀತು ಅಂತ ಲೆಕ್ಕ ಹಾಕಿದ್ದೆ.

ಔರಾದಿನಲ್ಲಿ ಬಸ್ಸು ಬದಲಿಸಿದೆವು. ನಿಲ್ದಾಣದ ತುಂಬ ಗಂಟು, ತಪೇಲಿ, ಮಕ್ಕಳು. ದಾರಿಯುದ್ದಕ್ಕೂ ಹೊಲಗಳು ಒಣಗಿದ ತುಟಿಯ ಹಾಗೆ ಬಿರಿದಿದ್ದವು. ಬೇವಿನ ಮರ ಬಿಟ್ಟರೆ ಹಸಿರೆನ್ನುವುದು ಎಲ್ಲೂ ಇರಲಿಲ್ಲ. ಬೀದರ ಹತ್ತಿರ ಬಂದ ಹಾಗೆ ಮಣ್ಣು ಕಪ್ಪಿನಿಂದ ಕೆಂಪಾಯಿತು. ಬಸ್ಸಿನಿಂದ ಇಳಿದು ಒಂದು ಸಣ್ಣ ಗಲ್ಲಿ ದಾಟಿದ್ದೇ ತಡ, ಹೋಟೆಲು ಎದುರಿಗೆ ನಿಂತಿತ್ತು.

ಅದನ್ನು ನಿಮಗೆ ಹೇಗೆ ಹೇಳಲಿ? ಎರಡು ಅಂತಸ್ತು. ನೌಬಾದದ ಕಡೆ ಕಡಿದು ತಂದ ಕೆಂಪು ಕಲ್ಲು, ಮೈತುಂಬ ಜೇನುಗೂಡಿನಂಥ ಸಣ್ಣ ಸಣ್ಣ ತೂತು. ಮುಂದೆ ಸಾಲು ಕಮಾನು. ಕೆಳಗಿನವು ಅಗಲ, ಟಾಂಗಾ ಒಳಗೆ ಹೋಗುವಷ್ಟು. ಮೇಲಿನವು ಸಣ್ಣವು, ಗುಬ್ಬಿಯ ಬಾಯಿಯಂಥವು. ಒಳಗೆ ಹೋದರೆ ಒಮ್ಮೆಲೇ ತಂಪು. ಗೋಡೆ ಎಷ್ಟು ದಪ್ಪ ಅಂದರೆ, ಕಿಟಕಿಯ ಗೂಡಿನಲ್ಲಿ ನಾನು ಕಾಲು ಮಡಚಿ ಮಲಗಬಹುದಿತ್ತು. ನಡುವೆ ಅಂಗಳ, ಅಂಗಳದಲ್ಲಿ ಬಾವಿ, ಸುತ್ತಲೂ ಕೋಣೆಗಳು. ಪ್ರತಿ ಕೋಣೆಯ ಬಾಗಿಲೂ ಅಂಗಳಕ್ಕೇ ತೆರೆಯುತ್ತಿತ್ತು, ಎಲ್ಲರೂ ಒಂದೇ ಗಂಗಾಳದ ಸುತ್ತ ಕೂತ ಹಾಗೆ. ಸಾಗವಾನಿ ತೊಲೆಗಳ ಕೆಳಗೆ ಹಳೆಯ ಹೊಗೆ, ಏಲಕ್ಕಿ ಮತ್ತು ಹಸಿ ಸುಣ್ಣದ ವಾಸನೆ ಸುತ್ತುತ್ತಿತ್ತು.

ಅಡುಗೆಮನೆಯಲ್ಲಿ ಬಿಳಿ ಗಡ್ಡದ ಒಬ್ಬ ಚಾಚಾ ಇದ್ದರು. ಅವರ ಅಪ್ಪನೂ ಅಲ್ಲೇ ಅಡುಗೆ ಮಾಡಿದ್ದರಂತೆ. ನನ್ನ ಬಾಯಿ ತೆರೆದೇ ಇದ್ದದ್ದು ನೋಡಿ ನಕ್ಕು, ಹೋಟೆಲಿನ ಕತೆ ಹೇಳಿದರು. ನಿಜಾಮರ ಕಾಲದಲ್ಲಿ ಭಾಲ್ಕಿಯ ಒಬ್ಬ ವ್ಯಾಪಾರಿ ಕಚೇರಿಯ ಕೆಲಸಕ್ಕೆ ಬೀದರಿಗೆ ಬಂದಿದ್ದನಂತೆ. ಉಳಿಯಲು ಜಾಗ ಸಿಗದೆ ಕೋಟೆಯ ಬಾಗಿಲ ಕೆಳಗೆ ಮಳೆಯಲ್ಲಿ ನೆನೆಯುತ್ತ ಕೂತಿದ್ದನಂತೆ. ಅಂದೇ ಹಟ ತೊಟ್ಟು ಈ ಹೋಟೆಲು ಕಟ್ಟಿಸಿದ. ಅದಕ್ಕೇ ಇದರ ಕಮಾನುಗಳು ಕೋಟೆಯ ಬಾಗಿಲಿನ ಹಾಗೆಯೇ ಇವೆ ಅಂತ ಚಾಚಾ ಕೈ ಎತ್ತಿ ತೋರಿಸಿದರು. ಕುದುರೆ ವ್ಯಾಪಾರಿಗಳು, ನಾಟಕದವರು, ವಕೀಲರು, ಕೋರ್ಟು ಕಟ್ಲೆಗೆ ಬಂದ ಗೌಡರು, ಎಲ್ಲ ಇಲ್ಲೇ ಉಳಿಯುತ್ತಿದ್ದರು. ಬರ ಬಿದ್ದ ಮೇಲೆ ಗಿರಾಕಿ ಇಲ್ಲ. ವ್ಯಾಪಾರಿಯ ಮೊಮ್ಮಗ, ಆಗಿನ ಸಾವುಕಾರರು, ಕೋಣೆಗಳು ಖಾಲಿ ಇರುವಾಗಲೇ ರಿಪೇರಿ ಮಾಡಿಸೋಣ, ನಾಲ್ಕು ಜನಕ್ಕೆ ಕೂಲಿಯೂ ಆದೀತು ಅಂದಿದ್ದರಂತೆ.

ಅಷ್ಟರಲ್ಲಿ ಚಾಚಾ ಒಂದು ಬೆಲ್ಲದ ಹೆಂಟೆ ತೆಗೆದು ನೀರಿನ ಕೊಪ್ಪರಿಗೆಯಲ್ಲಿ ಹಾಕಿದರು. ಇನ್ನೊಂದು ಹಾಕಿದರು. ನನ್ನ ಬಾಯಲ್ಲಿ ನೀರೂರಿತು. ಪಾಯಸವೋ ಏನೋ ಅಂದುಕೊಂಡೆ. ಇಬ್ಬರು ಆಳುಗಳು ಬಂದು ಆ ಕೊಪ್ಪರಿಗೆಯನ್ನು ಹೊತ್ತು ಅಂಗಳಕ್ಕೆ ಒಯ್ದು, ಸುಣ್ಣದ ಗುಂಡಿಯಲ್ಲಿ ಸುರಿದುಬಿಟ್ಟರು. ಹಿಂದೆಯೇ ಉದ್ದು ನೆನೆಸಿದ ಲೋಳೆ ನೀರು, ಗಚ್ಚು ಗಟ್ಟಿಯಾಗಲಿ ಅಂತ. ಆಮೇಲೆ ಬುಟ್ಟಿ ತುಂಬ ತತ್ತಿ ಒಡೆದು ಬಿಳಿಯದನ್ನೆಲ್ಲ ಬೇರೆ ಮಾಡಿದರು, ಹೊಳಪಿನ ಗಚ್ಚಿಗೆ. ನಾನು ಗರ ಬಡಿದ ಹಾಗೆ ನಿಂತೆ. ಊರಲ್ಲಿ ನಾವು ಬೆಲ್ಲ ಕಂಡು ಎಷ್ಟು ಕಾಲವಾಗಿತ್ತು! ತಮ್ಮ ಅತ್ತರೆ ಅವ್ವ ಬರಿ ಬೆರಳು ಚೀಪಿಸುತ್ತಿದ್ದಳು.

“ಈ ಗ್ವಾಡಿ ಅಂದ್ರ ಮನಿ ಅಳಿಯ ಇದ್ದಂಗ ಬೇಟಿ,” ಅಂದರು ಚಾಚಾ. “ಬೆಲ್ಲ ಹಾಕ್ರಿ, ತತ್ತಿ ಹಾಕ್ರಿ ಅಂತದ. ಉಣಿಸಿದ ಮ್ಯಾಲ ಒಂದ್ ಒಳ್ಳೆ ಮಾತರೆ ಆಡ್ತದೇನು? ಇಲ್ಲ.”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಬಾವಿಯ ಹತ್ತಿರ ಗಲ್ಲಿಯ ಹೆಂಗಸರು ಕೊಡ ಹಿಡಿದು ಸಾಲಾಗಿ ನಿಂತಿದ್ದರು. ಸುತ್ತಲಿನ ಬಾವಿಗಳಲ್ಲೆಲ್ಲ ಬತ್ತದೆ ಉಳಿದದ್ದು ಇದೊಂದೇ. ಮೊದಲು ಅವರ ಕೊಡ ತುಂಬಬೇಕು, ಉಳಿದದ್ದು ಗಚ್ಚಿಗೆ ಅಂತ ಸಾವುಕಾರರು ಕಟ್ಟುನಿಟ್ಟು ಮಾಡಿದ್ದರು. ಆದರೂ ಒಬ್ಬ ಮುದುಕಿ ಗೋಡೆಯ ಕಡೆ ನೋಡಿ ಏನೋ ಗೊಣಗಿಕೊಂಡು ಹೋದಳು. ಹೊಟ್ಟೆಕಿಚ್ಚು ನನಗೊಬ್ಬಳಿಗೇ ಅಲ್ಲ ಅಂತ ಸ್ವಲ್ಪ ಸಮಾಧಾನವಾಯಿತು.

ಮೇಲೆ ಮಾಳಿಗೆಯಲ್ಲಿ ಕೆಲಸ ಶುರುವಾಗಿತ್ತು. ಚಿಗವ್ವ ಮತ್ತು ಉಳಿದ ಹೆಂಗಸರು ಸಾಲಾಗಿ ಕುಕ್ಕರುಗಾಲಲ್ಲಿ ಕೂತು, ಚಪ್ಪಟೆ ಕಟ್ಟಿಗೆಯಿಂದ ಹಸಿ ಗಚ್ಚನ್ನು ಬಡಿಯುತ್ತ ಹಿಂದೆ ಹಿಂದೆ ಸರಿಯುತ್ತಿದ್ದರು. ಕಟ್ಟಿಗೆ ಪುಟಿಯುವಷ್ಟು ಗಟ್ಟಿಯಾಗುವ ತನಕ ನಡುವೆ ಬಿಡುವ ಹಾಗಿಲ್ಲ. ಹಾಡಿಗೆ ತಕ್ಕ ಹಾಗೆ ಬಡಿತ, ಬಡಿತಕ್ಕೆ ತಕ್ಕ ಹಾಗೆ ಹಾಡು. ಕೆಳಗೆ ನಿಂತರೆ ತಲೆಯ ಮೇಲೆ ಯಾರೋ ಸಾವಿರ ರೊಟ್ಟಿ ತಟ್ಟುತ್ತಿರುವ ಹಾಗೆ ಕೇಳಿಸುತ್ತಿತ್ತು.

ಅಕ್ಕ ತನ್ನ ಜಾಗ ತೋರಿಸಿದಳು. ಮೆಟ್ಟಿಲ ಕೆಳಗೆ ಒಂದು ಗೋಣಿಚೀಲ, ಮೇಲೆ ಅವ್ವನ ಹಳೆಯ ಸೀರೆಯ ಕೌದಿ. ನಾನು ಮಂಚ ಇರುತ್ತದೆ ಅಂದುಕೊಂಡಿದ್ದೆ. ಆದರೆ ಬಣ್ಣದ ಗಾಜು ಸುಳ್ಳಲ್ಲ, ಕೌದಿಯ ಮೇಲೆ ಆಗಲೂ ಒಂದು ನೀಲಿ ತುಂಡು ಬಿದ್ದಿತ್ತು. ನಾನು ಅದರ ಮೇಲೆ ಕಾಲಿಟ್ಟೆ. ಅಕ್ಕ ಕೈ ಎರಡೂ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು. ಕೌದಿಯ ಮಡಿಕೆಯನ್ನು ಕಾಲ್ಬೆರಳಿನಿಂದ ಸರಿಪಡಿಸುತ್ತ ಕೇಳಿದಳು.

“ಅವ್ವ ರಾತ್ರಿ ಯಾರ ಕಡಿ ಮಾರಿ ಮಾಡಿ ಮಲಗ್ತಾಳ?”

“ನನ್ನ ಕಡಿ,” ಅಂದೆ. ನಿಜ ಹೇಳಬೇಕೆಂದರೆ ತಮ್ಮನ ಕಡೆ. ಆದರೆ ನೀಲಿ ಗಾಜಿಗೆ ಎದುರಾಗಿ ನನ್ನ ಹತ್ತಿರವೂ ಏನಾದರೂ ಇರಬೇಕಲ್ಲ.

ಅಕ್ಕ ಮುಖ ತಿರುಗಿಸಿ, ಅಪ್ಪ ಕರೆಯುತ್ತಿದ್ದಾನೆ ಅಂತ ಹೊರಟುಹೋದಳು. ಅಪ್ಪ ಕರೆದಿರಲಿಲ್ಲ.

ಅಪ್ಪ ಇದ್ದದ್ದು ಮುಂದಿನ ದಿವಾನಖಾನೆಯಲ್ಲಿ. ಹೋಟೆಲಿಗೆ ಬಂದವರು ಮೊದಲು ಕೂಡುವ ಕೋಣೆ ಅದು. ಅದರ ಮೂರು ಗೋಡೆ ಮುಗಿದಿದ್ದವು. ಅವುಗಳಲ್ಲಿ ನನ್ನ ಮುಖ ಮಸುಕಾಗಿ ಕಾಣುತ್ತಿತ್ತು. ಬೆಣ್ಣೆಯ ಬಣ್ಣ, ಮುಟ್ಟಿದರೆ ತಂಪು. ಅಪ್ಪ ನಾಲ್ಕನೆಯದಕ್ಕೆ ಕೊನೆಯ ಗಚ್ಚು ಬಳಿದು, ಕರಣಿ ಆಡಿಸಿ, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದ. ಮುಗಿದ ಗೋಡೆಗಳನ್ನು ಹಿಂಗೈಯಿಂದ ನೇವರಿಸುತ್ತಿದ್ದ, ಕರುವಿನ ಮೈ ನೇವರಿಸಿದ ಹಾಗೆ. ನಾನು ಬಂದೆ ಅಂದಾಗ ಹ್ಞಾ ಬಾ ಅಂದನೇ ಹೊರತು ತಲೆ ಮುಟ್ಟಲಿಲ್ಲ. ಕೈಯಲ್ಲಿ ಸುಣ್ಣ ಇತ್ತು ಅಂತ ಈಗ ತಿಳಿಯುತ್ತದೆ. ಆಗ ತಿಳಿದದ್ದು ಒಂದೇ: ಬೆಲ್ಲವೂ ಗೋಡೆಗೆ, ತತ್ತಿಯೂ ಗೋಡೆಗೆ, ಅಪ್ಪನೂ ಗೋಡೆಗೆ.

ಅಕ್ಕ ಗೋಡೆಯ ಮುಂದೆ ಕೂತು ಅಂಗೈ ಆಡಿಸತೊಡಗಿದಳು. ನಾನು ಬಾಗಿಲ ಹತ್ತಿರ ಕೂತು ಅವಳ ಬೆನ್ನನ್ನೇ ದುರುಗುಟ್ಟಿ ನೋಡುತ್ತಿದ್ದೆ. ತಪ್ಪು ಮಾಡಲಿ ಅಂತ ಮನಸ್ಸಿನಲ್ಲೇ ಬೇಡಿಕೊಂಡೆನೋ ಏನೋ. ಸ್ವಲ್ಪ ಹೊತ್ತಿಗೆ ಅಪ್ಪ ಹಿಂದೆ ಸರಿದು ನಿಂತ. ಅವಳು ಸವರಿದ ಕಡೆ ಗಚ್ಚು ಮಿಂಚುವ ಬದಲು ಮಂಕಾಗಿತ್ತು. ಹಳದಿ ಕಲೆ. ಒಂದಲ್ಲ, ಅಂಗೈ ಹೋದಲ್ಲೆಲ್ಲ. ಅಪ್ಪ ಬಗ್ಗಿ ಗೋಡೆಯನ್ನು ಮೂಸಿ ನೋಡಿದ.

ಎಣ್ಣೆ. ಹಸಿ ಗಚ್ಚಿಗೆ ಎಣ್ಣೆ ತಾಗಿದರೆ ಮುಗಿಯಿತು, ಆ ಕಲೆ ಜನ್ಮಕ್ಕೂ ಹೋಗುವುದಿಲ್ಲ. ಗೌಂಡಿಯ ಮನೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತಿರುವ ಮಾತು. ಅಪ್ಪ ಸಿಟ್ಟಿನಿಂದ ಕೈಗೆ ಎಣ್ಣೆ ಎಲ್ಲಿಂದ ಬಂತು ಅಂತ ಕೇಳಿದ. ಅಕ್ಕ ಮುಷ್ಟಿ ಬಿಗಿಹಿಡಿದು ಕೂತಳು. ಸದ್ದು ಕೇಳಿ ಬಂದ ಚಾಚಾ, ತಾವೇ ನಿನ್ನೆ ಎಳ್ಳೆಣ್ಣೆ ಕೊಟ್ಟದ್ದು, ಕೂಸು ಕೈ ಉರಿ ಅಂತ ಅಡುಗೆಮನೆಯಲ್ಲಿ ಅಳುತ್ತ ಕೂತಿತ್ತು ಅಂದರು. ಮುಂಜಾನೆ ತೊಳೆದುಕೊಂಡಿದ್ದಳಂತೆ. ಎಣ್ಣೆ ಬಿರುಕುಗಳಲ್ಲಿ ಉಳಿದಿತ್ತು.

ಅಪ್ಪ ಮೊಣಕಾಲೂರಿ ಕೂತು ಅವಳ ಮುಷ್ಟಿ ಬಿಡಿಸಿದ. ನಾನೂ ಇಣುಕಿ ನೋಡಿದೆ. ನಮ್ಮ ಊರಿನ ಹೊಲಗಳ ಹಾಗೆಯೇ ಬಿರಿದಿತ್ತು ಅವಳ ಅಂಗೈ. ಬೆರಳ ಸಂದಿಯಲ್ಲಿ ಕೆಂಪು. ಸುಣ್ಣ ಅಷ್ಟು ದಿನ ಅವಳನ್ನು ಸುಟ್ಟಿತ್ತು. ಬಾಚಣಿಗೆ ಹಿಡಿಯಲೂ ಆಗದ ಕೈ ಅದು. ಮಾಳಿಗೆಯ ಬಡಿತ ಮಾತ್ರ ನಡೆದೇ ಇತ್ತು.

“ಯಾಕ ಹೇಳಲಿಲ್ಲವ್ವ ನನಗ?” ಅಂದ ಅಪ್ಪ. ಅವನ ದನಿ ಎಲ್ಲೋ ಇಳಿದುಹೋಗಿತ್ತು.

“ಹ್ಯಾಂಗ ಹೇಳಲಿ? ನೀ ದಿನಾ ಗ್ವಾಡಿ ನೋಡ್ತಿದ್ದಿ, ನನ್ನ ಕೈ ಎಲ್ಲಿ ನೋಡ್ತಿದ್ದಿ?” ಅಂದಳು ಅಕ್ಕ. ಆಮೇಲೆ ನನ್ನ ಕಡೆ ಬೆರಳು ತೋರಿಸಿದಳು. “ಹೇಳಿದ್ರ ನನ್ನ ಊರಿಗಿ ಕಳಸಿ, ಆಕಿನ್ನ ಕರ್ಕೊಂಡ್ ಬರ್ತಿದ್ದಿ. ಆಕಿಗಿ ಅವ್ವನೂ ಬೇಕು, ಹೋಟಲನೂ ಬೇಕು.”

ನಾನು ಅವಳ ಮೇಲೆ ಉರಿದುಕೊಂಡಿದ್ದ ಹಾಗೆ ಅವಳೂ ನನ್ನ ಮೇಲೆ ಉರಿದುಕೊಂಡಿದ್ದಳು. ಕೆಂಪು ಜೋಳದ ರೊಟ್ಟಿ ತಿನ್ನುತ್ತ ಅವ್ವನ ಪಕ್ಕ ಮಲಗುವ ನನ್ನ ಮೇಲೆ! ಅದು ನನಗೆ ಆ ಕ್ಷಣ ನಂಬಲೇ ಆಗಲಿಲ್ಲ.

ಅಪ್ಪ ಚಾಚಾನ ಹತ್ತಿರ ಸುಣ್ಣದ ಉರಿಗೆ ಹುಣಸೆ ನೀರು ತರಿಸಿ, ಅವಳ ಕೈ ಎರಡನ್ನೂ ಬಟ್ಟಲಲ್ಲಿ ಅದ್ದಿಸಿ, ಬಹಳ ಹೊತ್ತು ಹಿಡಿದುಕೊಂಡು ಕೂತ. ಗಚ್ಚು ಗೋಡೆಯ ಮೇಲೆ ಒಣಗುತ್ತಿತ್ತು. ಅವನು ಅದರ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಎದ್ದು, ಕಲೆಯಾದಷ್ಟು ಜಾಗವನ್ನು ಕರಣಿಯಿಂದ ಕೆರೆದು ಹೊಸ ಗಚ್ಚು ಬಳಿದ. ಬಳಿದು ನನ್ನ ಕಡೆ ಕೈ ಚಾಚಿದ.

ಎಷ್ಟು ದಿನದಿಂದ ಕಾದಿದ್ದ ಕರೆ! ನಾನು ಓಡಿಹೋಗಲಿಲ್ಲ. ಮೊದಲು ಅಕ್ಕನ ಮುಖ ನೋಡಿದೆ. ಅವಳು ತುಟಿ ಕಚ್ಚಿಕೊಂಡು ಬಟ್ಟಲಿನ ನೀರು ನೋಡುತ್ತಿದ್ದಳು. ನಾನು ಹೋಗಿ ಗೋಡೆಗೆ ಅಂಗೈ ಇಟ್ಟೆ. ಮೊದಲು ತಣ್ಣಗೆ, ಜಾರುಜಾರು, ಕೆನೆಯ ಹಾಗೆ. ಸವರುತ್ತ ಹೋದಂತೆ ಒಳಗಿನಿಂದ ಬೆಚ್ಚಗಾಯಿತು. ಆಮೇಲೆ ತಮ್ಮನ ಕೆನ್ನೆಯ ಹಾಗೆ ನುಣುಪು. ಅಪ್ಪ ಆಗಾಗ ನನ್ನ ಕೈ ತೊಳೆಸಿ, ತಿರುಗಿಸಿ, ಬೆಳಕಿಗೆ ಹಿಡಿದು ನೋಡುತ್ತಿದ್ದ. ಹಿಂದಿನಿಂದ ಅಕ್ಕ ಸುಮ್ಮನಿರಲಾರದೆ ಬೈಯತೊಡಗಿದಳು.

“ಒತ್ತಬ್ಯಾಡ. ಅದೇನ್ ರೊಟ್ಟಿ ತಟ್ಟಲತ್ತಿಯೇನು? ಸವರು. ಮ್ಯಾಲಿಂದ ಕೆಳಗ.”

ಅವಳು ಹೇಳಿದ ಹಾಗೆ ಮಾಡಿದೆ. ಮಾಡಲೇಬೇಕಾಗಿತ್ತು, ಅವಳು ಹೇಳಿದಾಗಲೇ ಗೋಡೆ ಮಿಂಚುತ್ತಿತ್ತು. ಅದೂ ಒಂದು ಹೊಟ್ಟೆಕಿಚ್ಚು.

ಬಿಸಿಲು ಇಳಿಯುವ ಹೊತ್ತಿಗೆ ಮಾಳಿಗೆಯ ಬಡಿತ ನಿಂತಿತು. ಚಿಗವ್ವ ಮೈತುಂಬ ಸುಣ್ಣವಾಗಿ ಕೆಳಗೆ ಬಂದಳು. ಅಪ್ಪ ಅವಳಿಗೆ, ದೊಡ್ಡವಳನ್ನು ಕರೆದುಕೊಂಡು ಹೋಗು, ಕೈ ಮಾಯುವ ತನಕ ಅವ್ವನ ಹತ್ತಿರ ಇರಲಿ ಅಂದ. ನನಗೆ, ಈ ಕೋಣೆ ಮುಗಿಯುವ ತನಕ ನೀನು ಇರು ಅಂದ. ಗೆದ್ದಿದ್ದೆ. ಮೆಟ್ಟಿಲ ಕೆಳಗಿನ ಜಾಗ ನನ್ನದು, ಚಪಾತಿ ನನ್ನದು, ಒತ್ತುವ ದೀಪ ನನ್ನದು, ಅಪ್ಪನೂ ನನ್ನವನು.

ಅವರನ್ನು ಬಸ್ಸು ಹತ್ತಿಸಲು ನಾನೂ ಅಪ್ಪನ ಜೊತೆ ಹೋದೆ. ಚಾಚಾ ಅಕ್ಕನ ಮಡಿಲಿಗೆ ಎಲೆಯಲ್ಲಿ ಸುತ್ತಿದ ಏನನ್ನೋ, ಬೆಲ್ಲವೇ ಇರಬೇಕು, ಹಾಕಿ ಕಳಿಸಿದ್ದರು. ಅವಳು ಕಿಟಕಿಯ ಪಕ್ಕ ಕೂತಳು, ಅಳು ಮುಖ ಮಾಡಿಕೊಂಡೇ ಕೂತಳು. ಬಸ್ಸು ಗುರುಗುಟ್ಟಿ ಮುಂದೆ ಸರಿಯಿತು. ಆಗ ಅವಳಿಗೆ ಏನು ಹೊಳೆಯಿತೋ, ಮುಖವೆಲ್ಲ ಅರಳಿತು. ಬಟ್ಟೆ ಸುತ್ತಿದ ಕೈಯನ್ನು ಕಿಟಕಿಯಿಂದ ಹೊರಗೆ ಹಾಕಿ ಕೂಗಿದಳು.

“ಇವತ್ತ ರಾತ್ರಿ ಅವ್ವನ ಮಗ್ಗಲ ನಂದು!”

ಬಸ್ಸು ತಿರುವಿನಲ್ಲಿ ಮರೆಯಾಯಿತು. ನಾನು ಅಲ್ಲೇ ನಿಂತೆ. ಹೊಟ್ಟೆಯಲ್ಲಿ ಮತ್ತೆ ಅದೇ ಕಿಚ್ಚು ಭಗ್ಗೆಂದಿತು. ನಾನೂ ಊರಿಗೆ ಹೋಗುತ್ತೇನೆ ಅಂತ ಅಪ್ಪನ ಧೋತರ ಹಿಡಿದು ಜಗ್ಗಿದೆ. ಅವನಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ನನ್ನನ್ನು ಎತ್ತಿ ಹೆಗಲ ಮೇಲೆ ಕೂಡಿಸಿಕೊಂಡ. ಅಷ್ಟು ದೊಡ್ಡವಳಾದ ಮೇಲೆ ನಾನು ಅವನ ಹೆಗಲೇರಿದ್ದು ಅದೇ ಕಡೆಯ ಸಲ. ಅದನ್ನು ನೋಡಲು ಅಕ್ಕ ಇರಲಿಲ್ಲವಲ್ಲ ಅಂತ ಒಂದು ಸಣ್ಣ ದುಃಖವೂ ಆಯಿತು.

ಈಗ ಬೀದರಿನ ಚಿದ್ರಿಯ ಈ ಮನೆಯಲ್ಲಿ ನಿಮಗೆ ಒಬ್ಬೊಬ್ಬರಿಗೆ ಒಂದೊಂದು ಕೋಣೆ ಇದೆ. ಒಬ್ಬರು ಒಳಗೆ ಬರಬೇಕಾದರೆ ಇನ್ನೊಬ್ಬರು ಜಾಗ ಬಿಡಬೇಕಾಗಿಲ್ಲ. ಹೋದ ವರ್ಷ ಒಂದು ಮದುವೆಗೆ ಅದೇ ಹೋಟೆಲಿಗೆ ಹೋಗಿದ್ದೆವಲ್ಲ, ನೀವು ಒಳಗೆ ಕಾಲಿಟ್ಟ ಕೂಡಲೇ ವೈಫೈ ಪಾಸ್‌ವರ್ಡು ಕೇಳಿದಿರಿ. ತಪ್ಪೇನಿಲ್ಲ. ಹೋಟೆಲಿನಲ್ಲಿ ಕೇಳುವುದೇ ಅದು ಈಗ. ನಿಮ್ಮ ಅಂಗೈಗಳು ನುಣ್ಣಗಿವೆ, ಹಾಗೆಯೇ ಇರಲಿ. ಕೈಗಳು ಇರುವುದು ಬರೆಯಲು, ಆಡಲು, ಮಾವಿನಹಣ್ಣು ಹಿಂಡಲು.

ಅಕ್ಕ ಈಗ ಭಾಲ್ಕಿಯಲ್ಲಿ ಇದ್ದಾಳೆ. ಫೋನಿನಲ್ಲಿ ನಿಮಗೆಲ್ಲ, ನಿಮ್ಮಜ್ಜಿ ಹೋಟೆಲಿನಲ್ಲಿ ಅಪ್ಪನ ಹೆಗಲ ಮೇಲೆ ಬೆಳೆದ ರಾಣಿ ಅಂತ ಚುಚ್ಚುತ್ತಾಳೆ. ನಾನು, ನಿನಗೆ ಅವ್ವನ ಮಗ್ಗುಲು ಸಿಕ್ಕಿತ್ತಲ್ಲ ಅಂತ ತಿರುಗಿ ಚುಚ್ಚುತ್ತೇನೆ. ಇಬ್ಬರ ತಲೆಯೂ ಬೆಳ್ಳಗಾಗಿದೆ, ಯಾರ ಪಾಲು ದೊಡ್ಡದು ಅನ್ನುವುದು ಇನ್ನೂ ಇತ್ಯರ್ಥವಾಗಿಲ್ಲ. ಅವಳು ಮುಂದಿನ ವಾರ ಇಲ್ಲಿಗೆ ಬರುತ್ತಾಳೆ. ಬಂದ ಕೂಡಲೇ ನೀವೆಲ್ಲ ಅವಳ ಸುತ್ತ ಮುತ್ತಿಕೊಂಡು ಕೂಡುತ್ತೀರಿ, ಅವಳ ಕತೆಗೇ ಹೆಚ್ಚು ನಗುತ್ತೀರಿ. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತೇನೆ. ಆಗ ನಿಮ್ಮಲ್ಲಿ ಒಬ್ಬರಾದರೂ ಎದ್ದು ಬಂದು ನನ್ನ ಪಕ್ಕ ನಿಲ್ಲಬೇಕು, ಈಗಲೇ ಹೇಳಿಬಿಟ್ಟಿದ್ದೇನೆ.